ಕಮ್ಯುನಿಟಿ ಕಾಲೇಜಿನಲ್ಲಿ ಸಂವಹನ ಓದಿ ವಿಶ್ವವಿದ್ಯಾಲಯಕ್ಕೆ ವರ್ಗವಾಗುವುದು ಹೇಗೆ?

ಕಮ್ಯುನಿಕೇಶನ್ ಎಂಬ ಒಂದೇ ಹೆಸರಿನಡಿ ಅಮೆರಿಕದ ವಿಶ್ವವಿದ್ಯಾಲಯಗಳು ಒಂದಕ್ಕೊಂದು ಸಾಕಷ್ಟು ದೂರವಿರುವ ವಿಷಯಗಳನ್ನು ಕಲಿಸುತ್ತವೆ. ಒಂದೆಡೆ ಅದು ಭಾಷಣ, ವಾದ, ಮನವೊಲಿಕೆಗಳ ಶಾಸ್ತ್ರ. ಇನ್ನೊಂದೆಡೆ ಸಮೀಕ್ಷೆ, ಪ್ರಯೋಗ, ಅಂಕಿಅಂಶಗಳನ್ನು ನೆಚ್ಚಿದ ಸಮಾಜವಿಜ್ಞಾನ. ಮತ್ತೊಂದೆಡೆ ಪತ್ರಿಕೆ, ದೃಶ್ಯಮಾಧ್ಯಮ, ಸಾರ್ವಜನಿಕ ಸಂಪರ್ಕಗಳ ಅಧ್ಯಯನ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್‌ನ ಜೊತೆಗೆ ಬರುವ ಕಮ್ಯುನಿಕೇಶನ್ ಇದಲ್ಲ. ಇಲ್ಲಿನ ವಿಷಯ ಮನುಷ್ಯರ ನಡುವಿನ ಸಂವಹನ. ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಸ್ಥಳೀಯ ಸಾರ್ವಜನಿಕ ಕಾಲೇಜಿನಲ್ಲಿ, ಎರಡು ವರ್ಷ ಓದಿ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯ ಸೇರಬೇಕೆಂದಿರುವವರು ಈ ಮೂರರಲ್ಲಿ ತಮಗೆ ಬೇಕಾದದ್ದು ಯಾವುದು ಎಂಬುದನ್ನು ಮೊದಲ ಸೆಮಿಸ್ಟರ್‌ನಲ್ಲೇ ನಿರ್ಧರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಿಕ್ಕ ಎಲ್ಲ ಆಯ್ಕೆಗಳೂ ಅದರಿಂದಲೇ ಹುಟ್ಟುತ್ತವೆ.

ಈ ಬರಹದಲ್ಲಿ ಮುಖ್ಯವಾಗಿ ಕ್ಯಾಲಿಫೋರ್ನಿಯಾವನ್ನು ಇಟ್ಟುಕೊಂಡು ವಿವರಿಸುತ್ತೇನೆ. ಆ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ವರ್ಗಾವಣೆಯ ನಿಯಮಗಳೂ ಅಲ್ಲಿ ವಿವರವಾಗಿ ಬರಹಕ್ಕಿಳಿದಿವೆ. ರಾಜ್ಯದ ನಿವಾಸಿಗಳಿಗೆ ಅಲ್ಲಿ ಒಂದು ಯೂನಿಟ್‌ಗೆ (ಕೋರ್ಸನ್ನು ಅಳೆಯುವ ಕ್ರೆಡಿಟ್) 46 ಡಾಲರ್ ಶುಲ್ಕವಿದೆ. ವರ್ಗಾವಣೆಗೆ ಬೇಕಾಗುವ 60 ಸೆಮಿಸ್ಟರ್ ಯೂನಿಟ್‌ಗಳಿಗೆ ಒಟ್ಟು 2,760 ಡಾಲರ್ ಆಗುತ್ತದೆ. ಹೊರರಾಜ್ಯದವರಿಗೂ ಹೊರದೇಶದವರಿಗೂ ಶುಲ್ಕ ಇದಕ್ಕಿಂತ ಬಹಳ ಹೆಚ್ಚು.

ಯೋಜನೆಯನ್ನು ತಲುಪಬೇಕಾದ ಕಡೆಯಿಂದ ಹಿಂದಕ್ಕೆ ಹೆಣೆಯುತ್ತ ಬನ್ನಿ. ನಿಮಗೆ ಇಷ್ಟವಾದ ಮೂರು ನಾಲ್ಕು ವಿಶ್ವವಿದ್ಯಾಲಯಗಳನ್ನು ಆರಿಸಿ, ಅಲ್ಲಿನ ಮೇಜರ್ (ಪದವಿಯ ಮುಖ್ಯ ವಿಷಯ) ಯಾವ ಬಗೆಯದು ಎಂದು ನೋಡಿ. ಉದಾಹರಣೆಗೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಡೇವಿಸ್ ಮತ್ತು ಯುಸಿ ಸಾಂಟಾ ಬಾರ್ಬರಾಗಳ ಕಮ್ಯುನಿಕೇಶನ್ ವಿಭಾಗಗಳು ಸಮಾಜವಿಜ್ಞಾನದ ಕಡೆಗೆ ವಾಲಿವೆ. ಯುಸಿ ಬರ್ಕ್ಲಿಯಲ್ಲಿ ರೆಟರಿಕ್ (ಭಾಷಣ, ಮನವೊಲಿಕೆಗಳ ಶಾಸ್ತ್ರ) ಮತ್ತು ಮೀಡಿಯಾ ಸ್ಟಡೀಸ್ ಎಂಬ ಎರಡು ಬೇರೆ ಬೇರೆ ಮೇಜರ್‌ಗಳಿವೆ. ಸಮಾಜವಿಜ್ಞಾನದ ದಾರಿಯಲ್ಲಿ ಸಂಖ್ಯಾಶಾಸ್ತ್ರದ ಒಂದು ಕೋರ್ಸ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಸಂವಹನ ಆರಿಸಿಕೊಂಡ ವಿದ್ಯಾರ್ಥಿಗೆ ಇದು ಕೊನೆಯ ಸೆಮಿಸ್ಟರ್‌ನಲ್ಲಿ ಗೊತ್ತಾದರೆ ಒಂದು ವರ್ಷವೇ ಕೈತಪ್ಪಿ ಹೋಗಬಹುದು.

ಕಾಲೇಜಿನ ಯಾವ ಕೋರ್ಸ್ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂಬುದನ್ನು ‘ಅಸಿಸ್ಟ್’ ಎಂಬ ಅಧಿಕೃತ ತಾಣದಲ್ಲಿ ನೋಡಬಹುದು. ನಿಮ್ಮ ಕಾಲೇಜು, ಸೇರಬೇಕಾದ ವಿಶ್ವವಿದ್ಯಾಲಯ, ಮೇಜರ್ ಇಷ್ಟನ್ನು ಆರಿಸಿದರೆ ಒಂದು ಒಪ್ಪಂದಪತ್ರ ತೆರೆದುಕೊಳ್ಳುತ್ತದೆ. ಅದರ ಎಡಭಾಗದಲ್ಲಿ ವಿಶ್ವವಿದ್ಯಾಲಯ ಕೇಳುವ ಕೋರ್ಸ್ ಇರುತ್ತದೆ, ಬಲಭಾಗದಲ್ಲಿ ಅದಕ್ಕೆ ಬದಲಾಗಿ ನಿಮ್ಮ ಕಾಲೇಜಿನಲ್ಲಿ ಓದಬಹುದಾದ ಕೋರ್ಸ್. ಬಲಭಾಗದಲ್ಲಿ ‘ನೋ ಕೋರ್ಸ್ ಆರ್ಟಿಕ್ಯುಲೇಟೆಡ್’ ಎಂಬ ಸಾಲು ಕಂಡರೆ ಅದನ್ನು ಗುರುತು ಹಾಕಿಕೊಳ್ಳಿ. ಆ ಕೋರ್ಸನ್ನು ಪಕ್ಕದ ಇನ್ನೊಂದು ಕಮ್ಯುನಿಟಿ ಕಾಲೇಜಿನಲ್ಲಿ ಓದಬೇಕೇ, ವರ್ಗವಾದ ಮೇಲೆ ಓದಿದರೂ ನಡೆದೀತೇ ಎಂದು ಕೌನ್ಸೆಲರ್ ಬಳಿ ಕೇಳಬೇಕಾದದ್ದು ಅಲ್ಲಿಯೇ. ಪ್ರತಿ ಒಪ್ಪಂದಕ್ಕೂ ಒಂದು ಶೈಕ್ಷಣಿಕ ವರ್ಷ ನಮೂದಾಗಿರುತ್ತದೆ. ನೀವು ಕೋರ್ಸ್ ಓದುತ್ತಿರುವ ವರ್ಷದ ಪತ್ರವನ್ನೇ ನೋಡಿ, ಒಂದು ಪ್ರತಿಯನ್ನು ಇಳಿಸಿಟ್ಟುಕೊಳ್ಳಿ.

ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ವ್ಯವಸ್ಥೆಯಾದ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕಡೆಗೆ ಹೋಗುವವರಿಗೆ 2010ರ ಕಾನೂನಿನಿಂದ ಬಂದ ‘ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್’ ಅತ್ಯಂತ ನೇರವಾದ ದಾರಿ. ಕಮ್ಯುನಿಕೇಶನ್ ಸ್ಟಡೀಸ್‌ನಲ್ಲಿ ಈ ಪದವಿಯನ್ನು ಎಎ-ಟಿ ಎನ್ನುತ್ತಾರೆ. ವರ್ಗಾವಣೆಗೆ ಒಪ್ಪುವ 60 ಸೆಮಿಸ್ಟರ್ ಯೂನಿಟ್‌ಗಳು, ಅದರಲ್ಲಿ ಮೇಜರ್‌ಗೆ ಕನಿಷ್ಠ 18, ಜೊತೆಗೆ 2.0 ಜಿಪಿಎ (ಗ್ರೇಡ್‌ಗಳ ಸರಾಸರಿ) ಇದಕ್ಕೆ ಬೇಕು. ಪದವಿ ಪಡೆದವರಿಗೆ ಸಿಎಸ್‌ಯು ವ್ಯವಸ್ಥೆಯೊಳಗೆ ಮೂರನೆಯ ವರ್ಷದ ಜಾಗ ಖಾತರಿಯಾಗಿರುತ್ತದೆ. ಆದರೆ ಖಾತರಿ ಇರುವುದು ಒಟ್ಟು ವ್ಯವಸ್ಥೆಗೆ. ನೀವು ಬಯಸಿದ ಕ್ಯಾಂಪಸ್ಸಿಗೇ ಜಾಗ ಸಿಗುತ್ತದೆಂದು ಅದರ ಅರ್ಥವಲ್ಲ.

ಯುಸಿಯ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಆರು ಕ್ಯಾಂಪಸ್‌ಗಳು ‘ಟ್ಯಾಗ್’ ಎಂಬ ಪ್ರವೇಶ ಖಾತರಿಯನ್ನು ಕೊಡುತ್ತವೆ. ಇದಕ್ಕೆ ಅರ್ಜಿ ಹಾಕುವ ಅವಧಿ ಸೆಪ್ಟೆಂಬರ್ 1ರಿಂದ 30ರವರೆಗೆ, ಅದೂ ಒಂದೇ ಒಂದು ಕ್ಯಾಂಪಸ್ಸಿಗೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊಗಳಲ್ಲಿ ಟ್ಯಾಗ್ ಇಲ್ಲ. ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೂ ಮೇಜರ್‌ನಿಂದ ಮೇಜರ್‌ಗೂ ಷರತ್ತುಗಳು ಬೇರೆಯಾಗುವುದರಿಂದ ಆ ವರ್ಷದ ನಿಯಮಗಳನ್ನು ಓದದೆ ಟ್ಯಾಗ್ ಮೇಲೆ ಭರವಸೆ ಇಡಬೇಡಿ.

ಮೇಜರ್ ಯಾವುದಾದರೂ ಎಲ್ಲರೂ ಓದಬೇಕಾದ ಸಾಮಾನ್ಯ ಶಿಕ್ಷಣದ ಕೋರ್ಸುಗಳಿಗೆ 2025ರ ಫಾಲ್‌ನಿಂದ (ಆಗಸ್ಟ್ ಹೊತ್ತಿಗೆ ಶುರುವಾಗುವ ಸೆಮಿಸ್ಟರ್) ಸಿಎಸ್‌ಯು, ಯುಸಿ ಎರಡಕ್ಕೂ ಸಲ್ಲುವ ‘ಕ್ಯಾಲ್-ಗೆಟ್‌ಸಿ’ ಎಂಬ 34 ಯೂನಿಟ್‌ಗಳ ಒಂದೇ ಮಾದರಿ ಬಂದಿದೆ. ಅದರ ಪ್ರತಿ ಕೋರ್ಸಿನಲ್ಲೂ ಕನಿಷ್ಠ ‘ಸಿ’ ಗ್ರೇಡ್ ಬೇಕು. ಮೌಖಿಕ ಸಂವಹನ ಅದರ ಕಡ್ಡಾಯ ಭಾಗ. ನಮ್ಮ ವಿಷಯದ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಅನುಕೂಲವಿದೆ: ಭಾಷಣ ಕಲೆಯ ಒಂದೇ ಕೋರ್ಸ್ ಸಾಮಾನ್ಯ ಶಿಕ್ಷಣಕ್ಕೂ ಮೇಜರ್‌ಗೂ ಸಲ್ಲುತ್ತದೆ. ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ ಈ ಕೋರ್ಸಿಗೆ ‘COMM C1000’ ಎಂಬ ಸಮಾನ ಸಂಖ್ಯೆಯನ್ನು ಕೊಡಲಾಗುತ್ತಿದೆ. ಅದನ್ನು ಮೊದಲ ಸೆಮಿಸ್ಟರ್‌ನಲ್ಲೇ ತೆಗೆದುಕೊಳ್ಳಿ.

ಈ ತರಗತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳು ಇದನ್ನೇ ಮುಂದೂಡುತ್ತ ಹೋಗುತ್ತಾರೆ. ಅಂಕಗಳು ಉಚ್ಚಾರಣೆಯ ಸೊಗಸಿಗಿಂತ ಹೆಚ್ಚಾಗಿ ಭಾಷಣದ ರಚನೆಗೆ ಬರುತ್ತವೆ. ಐದಾರು ನಿಮಿಷಗಳ ಮಾಹಿತಿ ಭಾಷಣಕ್ಕೆ ‘ನಿದ್ರೆ’ ಎಂಬ ವಿಷಯ ತೀರ ದೊಡ್ಡದು. ‘ರಾತ್ರಿ ಪಾಳಿಯಲ್ಲಿ ದುಡಿಯುವವರ ಹಗಲು ನಿದ್ರೆ ಏಕೆ ಕೆಡುತ್ತದೆ’ ಎಂದು ಕಿರಿದಾಗಿಸಿದರೆ ಅದು ಕೈಗೆ ಸಿಗುತ್ತದೆ. ಬೆಳಕು, ಸದ್ದು, ದೇಹದ ಗಡಿಯಾರ ಎಂದು ಮೂರು ಭಾಗ ಮಾಡಿ, ಒಂದೊಂದಕ್ಕೆ ಒಂದೂಕಾಲು ನಿಮಿಷ ಕೊಡಿ. ಪೂರ್ತಿ ಭಾಷಣವನ್ನು ಬರೆದು ಬಾಯಿಪಾಠ ಮಾಡಬೇಡಿ, ಏಕೆಂದರೆ ನಡುವೆ ಒಂದು ಪದ ಮರೆತರೆ ಮುಂದಿನದೆಲ್ಲ ನಿಂತುಹೋಗುತ್ತದೆ. ಒಂದು ಚಿಕ್ಕ ಕಾರ್ಡಿನ ಮೇಲೆ ಹತ್ತು ಹನ್ನೆರಡು ಸೂಚಕ ಪದಗಳನ್ನೂ ಆಕರಗಳ ಹೆಸರುಗಳನ್ನೂ ಮಾತ್ರ ದಪ್ಪಕ್ಷರಗಳಲ್ಲಿ ಬರೆದುಕೊಂಡು, ಫೋನಿನಲ್ಲಿ ಸಮಯ ಹಿಡಿದು, ನಿಂತುಕೊಂಡೇ ನಾಲ್ಕೈದು ಸಲ ಅಭ್ಯಾಸ ಮಾಡಿ. ಮಾಹಿತಿ ಎಲ್ಲಿಂದ ಬಂತು ಎಂಬುದನ್ನು ಭಾಷಣದ ನಡುವೆಯೇ ಬಾಯಿಬಿಟ್ಟು ಹೇಳಬೇಕು. ಬರಹದ ಕೊನೆಯಲ್ಲಿ ಪಟ್ಟಿ ಕೊಟ್ಟಿದ್ದೇವಲ್ಲ ಎಂದು ಇದನ್ನು ಬಿಟ್ಟು ಅಂಕ ಕಳೆದುಕೊಳ್ಳುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಆ ಅಂಕಗಳು ಕೈಯಲ್ಲೇ ಇದ್ದವು.

ಮುಂದಿನ ಸೆಮಿಸ್ಟರ್‌ಗಳಲ್ಲಿ ವ್ಯಕ್ತಿಗಳ ನಡುವಿನ ಸಂವಹನ, ಸಣ್ಣ ಗುಂಪುಗಳ ಸಂವಹನ, ವಾದ ಮತ್ತು ಚರ್ಚೆ, ಅಂತರ್‌ಸಾಂಸ್ಕೃತಿಕ ಸಂವಹನ ಮುಂತಾದವುಗಳಿಂದ ನಿಮ್ಮ ಒಪ್ಪಂದಪತ್ರದಲ್ಲಿರುವುದನ್ನು ಆರಿಸಿ. ಕಾಲೇಜಿನಲ್ಲಿ ಫೊರೆನ್ಸಿಕ್ಸ್ ತಂಡವಿದ್ದರೆ ಸೇರಿಕೊಳ್ಳಿ. ಇಲ್ಲಿ ಆ ಪದದ ಅರ್ಥ ಭಾಷಣ ಮತ್ತು ಚರ್ಚಾ ಸ್ಪರ್ಧೆ. ಎರಡು ವರ್ಷದ ಕಾಲೇಜುಗಳಿಗೆಂದೇ ಫೈ ರೋ ಪೈ ಎಂಬ ರಾಷ್ಟ್ರೀಯ ಸಂಸ್ಥೆ ಇಂಥ ಸ್ಪರ್ಧೆಗಳನ್ನು ನಡೆಸುತ್ತದೆ. ಯುಸಿ ಅರ್ಜಿಯಲ್ಲಿ ವರ್ಗಾವಣೆಯ ಅಭ್ಯರ್ಥಿಗಳೆಲ್ಲರೂ ಮೇಜರ್‌ಗೆ ತಾವು ಹೇಗೆ ಸಿದ್ಧರಾಗಿದ್ದೇವೆ ಎಂಬ ಕಡ್ಡಾಯ ಪ್ರಶ್ನೆಗೆ 350 ಪದಗಳೊಳಗೆ ಉತ್ತರಿಸಬೇಕಾಗುತ್ತದೆ, ಆಗ ಈ ಅನುಭವ ನೇರವಾಗಿ ಕೆಲಸಕ್ಕೆ ಬರುತ್ತದೆ.

ವಿದೇಶಿ ವಿದ್ಯಾರ್ಥಿಗಳ ಎಫ್-1 ವೀಸಾದ ಮೇಲಿರುವವರು ಸೆಮಿಸ್ಟರ್‌ಗೆ ಕನಿಷ್ಠ 12 ಯೂನಿಟ್ ಓದಲೇಬೇಕು. ಆ ಲೆಕ್ಕಕ್ಕೆ ಒಂದೇ ಆನ್‌ಲೈನ್ ಕೋರ್ಸ್ ಸಲ್ಲುತ್ತದೆ. ಪ್ರವೇಶ ಸಿಕ್ಕ ಮೇಲೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ದಾಖಲೆಯನ್ನು ಹೊಸ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿ ಹೊಸ ಐ-20 (ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಅರ್ಹತಾ ಪತ್ರ) ಪಡೆಯಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಬೇಗನೆ ಕಾಣಿ.

ಬೇರೆ ರಾಜ್ಯಗಳಲ್ಲಿ ಹೆಸರುಗಳು ಬದಲಾಗುತ್ತವೆ. ಫ್ಲಾರಿಡಾದಲ್ಲಿ ಎರಡು ಮತ್ತು ಎರಡು ವರ್ಷಗಳ ವ್ಯವಸ್ಥೆಯೂ ರಾಜ್ಯವ್ಯಾಪಿ ಕೋರ್ಸ್ ಸಂಖ್ಯೆಗಳೂ ಇವೆ. ಇನ್ನೊಂದು ರಾಜ್ಯಕ್ಕೋ ಖಾಸಗಿ ವಿಶ್ವವಿದ್ಯಾಲಯಕ್ಕೋ ಹೋಗುವವರು ಓದಿದ ಪ್ರತಿ ಕೋರ್ಸಿನ ಸಿಲಬಸ್ಸನ್ನು ಜೋಪಾನವಾಗಿಡಬೇಕು, ಏಕೆಂದರೆ ಅಲ್ಲಿ ಕ್ರೆಡಿಟ್ ಕೊಡುವ ಮುನ್ನ ಅದನ್ನು ಕೇಳಬಹುದು.

ಅರ್ಜಿ ಹಾಕಿದ ಮೇಲೆ ಕೆಲಸ ಮುಗಿಯಿತೆಂದು ಕೈಬಿಡಬೇಡಿ. ಯುಸಿಗೆ ಫಾಲ್ ಪ್ರವೇಶ ಕೋರಿದವರು ಜನವರಿಯಲ್ಲಿ ಹೊಸ ಗ್ರೇಡ್‌ಗಳನ್ನು ತುಂಬಿ ಅರ್ಜಿಯನ್ನು ಪರಿಷ್ಕರಿಸಬೇಕು. ಎಎ-ಟಿ ಪದವಿಗೆ ಮತ್ತು ಕ್ಯಾಲ್-ಗೆಟ್‌ಸಿ ಪ್ರಮಾಣೀಕರಣಕ್ಕೆ ಕಾಲೇಜಿನ ದಾಖಲಾತಿ ಕಚೇರಿಯಲ್ಲಿ ನೀವೇ ಕೋರಿಕೆ ಸಲ್ಲಿಸಬೇಕಾಗಬಹುದು. ಕೊನೆಯ ಸೆಮಿಸ್ಟರ್‌ನ ಗ್ರೇಡ್‌ಗಳು ದಾಖಲಾದ ಮೇಲೆ ಓದಿದ ಪ್ರತಿಯೊಂದು ಕಾಲೇಜಿನಿಂದಲೂ ಅಂತಿಮ ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ) ಕಳುಹಿಸಿ. ಬೇಸಿಗೆಯಲ್ಲಿ ಒಂದೇ ಒಂದು ಕೋರ್ಸ್ ಓದಿದ ಪಕ್ಕದ ಕಾಲೇಜೂ ಆ ಲೆಕ್ಕದಲ್ಲಿ ಸೇರುತ್ತದೆ.