ಅಂಗಳದಿಂದ ಏರುವ ಬೆಳಕು: ಶಿರಸಿಯ ಕಿಟಕಿಗಳನ್ನು ಬರೆದ ಅನುಭವ

ಶಿರಸಿ ಸೀಮೆಯ ಹಳೆಯ ಮನೆಗಳಲ್ಲಿ ಕಿಟಕಿಯ ಬೆಳಕು ಮೇಲಿನಿಂದ ಇಳಿಯುವುದಿಲ್ಲ, ಕೆಳಗಿನಿಂದ ಏರುತ್ತದೆ. ಜಲವರ್ಣದಲ್ಲಿ ಕಿಟಕಿಗಳನ್ನೇ ಬರೆಯುತ್ತಾ ಬಂದ ನನಗೆ ದಕ್ಕಿದ ಮುಖ್ಯ ಸಂಗತಿ ಇದು. ಯಾವ ಬಣ್ಣ, ಎಲ್ಲಿ ಕೂರಬೇಕು, ಎಲ್ಲಿ ಕಾಗದವನ್ನು ಬಿಳಿಯಾಗಿಯೇ ಬಿಡಬೇಕು ಎಂಬುದೆಲ್ಲ ಇದರಿಂದಲೇ ತೀರ್ಮಾನವಾಯಿತು.

ಇದಕ್ಕೆ ಕಾರಣ ನಮ್ಮ ಮಾಡು. ಇಲ್ಲಿನ ಮಳೆಗೆ ಹೆದರಿ ಹಿರಿಯರು ಸೂರನ್ನು ತಗ್ಗಿಸಿ ಕಟ್ಟಿದರು. ಅದರ ಕೆಳಗೆ ಜಗುಲಿ, ಜಗುಲಿಯ ಹಿಂದೆ ಗೋಡೆ, ಆ ಗೋಡೆಯಲ್ಲಿ ಕಿಟಕಿ. ಒಳಗೆ ಕುಳಿತವರಿಗೆ ಆಕಾಶ ಕಾಣುವುದೇ ಇಲ್ಲ. ಬಿಸಿಲು ಅಂಗಳಕ್ಕೆ ಬಿದ್ದು, ಅಲ್ಲಿಂದ ಪುಟಿದು, ಸೂರಿನಡಿ ನುಸುಳಿ ಒಳಗಿನ ಮುಚ್ಚಿಗೆಗೆ, ಅಂದರೆ ಹಲಗೆಯ ಒಳಚಾವಣಿಗೆ ತಾಗುತ್ತದೆ. ಹಾಗಾಗಿ ಕಿಟಕಿಯ ದಾರಂದದ (ಚೌಕಟ್ಟಿನ) ಮೇಲ್ಪಟ್ಟಿಯ ಅಡಿಭಾಗ ಹೊಳೆಯುತ್ತದೆ, ಕೆಳಪಟ್ಟಿ ಮಂಕಾಗಿರುತ್ತದೆ. ಕಿಟಕಿಯ ಬಳಿ ಅಡಿಕೆ ಸುಲಿಯುತ್ತಾ ಕುಳಿತವರ ಗಲ್ಲ, ಮೂಗಿನ ಅಡಿ ಬೆಳಗುತ್ತವೆ, ಹಣೆ ನೆರಳಲ್ಲಿರುತ್ತದೆ.

ಚಿತ್ರಕಲೆಯ ಪುಸ್ತಕಗಳಲ್ಲಿ ನಾನು ನೋಡಿ ಬೆಳೆದ ಕಿಟಕಿ ಇದಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ, ಡಚ್ ಚಿತ್ರಕಾರ ವರ್ಮೀರ್‌ನ ಚಿತ್ರದಲ್ಲಿ, ಸುಮಾರು 1657-59ರದ್ದು, ತೆರೆದ ಕಿಟಕಿಯ ಬಳಿ ಹುಡುಗಿಯೊಬ್ಬಳು ಪತ್ರ ಓದುತ್ತಾಳೆ. ಎಡಗಡೆಯ ಆ ಕಿಟಕಿಯಿಂದ ಬಂದ ಬೆಳಕು ಅವಳ ಹಣೆಯನ್ನು ಮೊದಲು ಮುಟ್ಟುತ್ತದೆ. ಡೆನ್ಮಾರ್ಕಿನ ಚಿತ್ರಕಾರ ಹ್ಯಾಮರ್‌ಶೋಯ್ 1900ರಲ್ಲಿ ಬರೆದ ಖಾಲಿ ಕೋಣೆಯಲ್ಲಿ ಬಿಸಿಲು ಗಾಜಿನ ಮೂಲಕ ಓರೆಯಾಗಿ ಇಳಿದು ನೆಲದ ಮೇಲೆ ಚೌಕಗಳನ್ನು ಮೂಡಿಸುತ್ತದೆ; ದೂಳಿನ ಕಣಗಳೂ ಅದರಲ್ಲಿ ತೇಲುತ್ತವೆ. ಎರಡೂ ನನಗೆ ಪ್ರಾಣಪ್ರಿಯವಾದ ಚಿತ್ರಗಳು. ಆದರೆ ಆ ಬೆಳಕು ಆ ಊರಿನದು. ಕಿಟಕಿಯ ಮುಂದೆ ಜಗುಲಿಯಿಲ್ಲದ, ಗಾಜು ಹಾಕಿದ ಮನೆಗಳದು. ಅದನ್ನೇ ತಂದು ನಮ್ಮ ಜಗುಲಿ ಮನೆಯೊಳಗೆ ಸುರಿದರೆ ಚಿತ್ರ ಸುಳ್ಳಾಗುತ್ತದೆ. ಹಳೆಯ ಮನೆಗಳ ಚಿತ್ರಗಳಲ್ಲಿ ನಡುಮನೆಯ ನೆಲಕ್ಕೆ ಬಿಸಿಲುಕೋಲು ಬಿದ್ದಿರುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಬಿಸಿಲುಕೋಲು ಬೇಕೆಂದರೆ ಅಡುಗೆಮನೆಗೆ ಹೋಗಬೇಕು. ಅಲ್ಲಿ ಮಾಡಿನ ಗಾಜಿನ ಹೆಂಚಿನಿಂದ ಅದು ನಿಜಕ್ಕೂ ಇಳಿಯುತ್ತದೆ, ಒಲೆಯ ಹೊಗೆಯಲ್ಲಿ ಅದರ ಅಂಚು ಕಾಣುತ್ತದೆ.

ಅಂಗಳದಿಂದ ಪುಟಿದ ಬೆಳಕಿಗೆ ಅಂಗಳದ ಬಣ್ಣವೇ ಅಂಟಿಕೊಂಡಿರುತ್ತದೆ. ಕೊಯ್ಲಿನ ಕಾಲದಲ್ಲಿ ಚಾಲಿಗೆಂದು, ಅಂದರೆ ಸಿಪ್ಪೆಸಹಿತ ಒಣಗಿಸಲು, ಹಣ್ಣಡಿಕೆ ಹರವಿದಾಗ ಮುಚ್ಚಿಗೆಯ ಹಲಗೆಗಳು ಕಿತ್ತಳೆಗೆ ತಿರುಗುತ್ತವೆ. ಇದನ್ನು ಮೊದಲು ಕಂಡಾಗ ನಾನು ಎದ್ದು ಹೋಗಿ ಹಲಗೆಯ ಬಣ್ಣವೇ ಹಾಗಿದೆಯೇ ಎಂದು ಹತ್ತಿರದಿಂದ ನೋಡಿದ್ದೆ. ಅಡಿಕೆ ಒಳಗೆ ಹೋದ ಮೇಲೆ ಸಗಣಿ ಸಾರಿಸಿದ ಬರಿ ಅಂಗಳ ಮಾಸಲು ಹಳದಿಯನ್ನು ಕಳಿಸುತ್ತದೆ. ಮಳೆಗಾಲದಲ್ಲಿ ತೋಟದ ಹಸಿರೇ ಹಸಿರು. ಮಳೆಯ ಎರಚಲಿಗೆಂದು ಜಗುಲಿಯ ಅಂಚಿಗೆ ಅಡಿಕೆ ಗರಿಯ ಸೋಗೆ ಕಟ್ಟಿದ ಮನೆಗಳಲ್ಲಂತೂ ಅದೂ ಅರೆಬರೆ. ಅಂಗಳ ಕೆಮ್ಮಣ್ಣಿನದಾದರೆ ನಾನು ಬಳಸುವುದು ಲೈಟ್ ರೆಡ್. ಕೆಮ್ಮಣ್ಣಿಗೆ ಕೆಂಪು ಕೊಡುವ ಕಬ್ಬಿಣದ ಆಕ್ಸೈಡೇ ಈ ಬಣ್ಣದಲ್ಲೂ ಇದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಕಾವಿ ಚಿತ್ರಗಳ ಕೆಂಪೂ ಇದೇ ಮಣ್ಣಿನ ಕುಲದ್ದು. ಲೈಟ್ ರೆಡ್ಡನ್ನು ನೀರಿನಲ್ಲಿ ಬಹಳ ತೆಳುಮಾಡಿ ಮುಚ್ಚಿಗೆಗೆ ಹಾಯಿಸುತ್ತೇನೆ.

ಕೂರುವುದು ಒಳಗೋಡೆಗೆ ಬೆನ್ನು ಕೊಟ್ಟು. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಅಲ್ಲಿಯವರೆಗೆ ಪೆನ್ಸಿಲ್ ಕೂಡ ಹಿಡಿಯುವುದಿಲ್ಲ. ಮೊದಲು ಬರಿಯ ಕಪ್ಪಾಗಿದ್ದ ಮೂಲೆಯಲ್ಲಿ ನಿಧಾನವಾಗಿ ಪತ್ತಾಯ, ಕಂಬಳಿ, ಗೂಟಕ್ಕೆ ನೇತುಹಾಕಿದ ಕತ್ತಿ ಮೂಡುತ್ತವೆ. ಸೋಂದಾ ಕಡೆಯ ಒಂದು ಮನೆಯ ಅಜ್ಜಿ ಆಸರಿಗೆಂದು ಬೆಲ್ಲ, ನೀರು ತಂದಿಟ್ಟು, "ತಂಗೀ, ಈ ಕತ್ತಲೆಯಲ್ಲಿ ನಿನಗೆ ಏನು ಕಾಣುತ್ತದೆ? ಜಗುಲಿಗೆ ಬಂದು ಕೂತುಕೋ" ಎಂದರು. "ಇಲ್ಲಿ ಕಾಣುವುದೇ ಬೇಕು ಅಜ್ಜಿ" ಎಂದೆ. ಅವರು ಅಲ್ಲೇ ಕಿಟಕಿಯ ಪಕ್ಕ ಹೂಬತ್ತಿ ಹೊಸೆಯುತ್ತಾ ಕುಳಿತರು. ಅವರ ಗಲ್ಲದ ಬೆಳಕು ಆ ಚಿತ್ರದಲ್ಲಿದೆ.

ಮೊಬೈಲ್ ಫೋಟೋ ನೋಡಿ ಈ ವಿಷಯವನ್ನು ಬರೆಯಲಾಗದು. ಹೊರಗಿನದು ಸರಿ ಬಂದರೆ ಒಳಗೆಲ್ಲ ಮಸಿ, ಒಳಗಿನದು ಸರಿ ಬಂದರೆ ಕಿಟಕಿ ಬಿಳಿಯ ತೂತು. ಸರಳುಗಳೆಷ್ಟು, ಕದದ ಕೆತ್ತನೆ ಹೇಗಿದೆ ಎಂದು ನೆನಪಿಟ್ಟುಕೊಳ್ಳಲು ಮಾತ್ರ ಫೋಟೋ ತೆಗೆಯುತ್ತೇನೆ.

ಸರಳುಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಪ್ರಖರ ಬೆಳಕು ಅಂಚನ್ನು ತಿನ್ನುತ್ತದೆ. ಒಂದೇ ಸರಳು ಬಿಸಿಲಿನ ಅಂಗಳದ ಎದುರು ಸಣಕಲಾಗಿಯೂ ಅದರಾಚೆಯ ತೋಟದ ನೆರಳಿನ ಎದುರು ದಪ್ಪವಾಗಿಯೂ ಕಾಣುತ್ತದೆ. ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಜೈಲಿನ ಕಂಬಿ. ನಾನು ಅಂಗಳದ ಬಿಳುಪಿಗೆ ಕಾಗದವನ್ನು ಹಾಗೇ ಬಿಟ್ಟು, ತೋಟವನ್ನು ಒಂದೆರಡು ಛಾಯೆಗಳಲ್ಲಿ ಮುಗಿಸಿ, ಪೂರ್ತಿ ಒಣಗಿದ ಮೇಲೆ ಒಂದೊಂದು ಸರಳನ್ನೂ ಕುಂಚದ ಒಂದೇ ಎಳೆತದಲ್ಲಿ ಇಳಿಸುತ್ತೇನೆ: ತೋಟದ ಬಳಿ ಕುಂಚ ಒತ್ತಿ, ಅಂಗಳದ ಬಳಿ ಹಗುರಾಗಿಸಿ. ಒಳಗಿನ ಕತ್ತಲೆಗೆ ಟ್ಯೂಬಿನ ಕಪ್ಪು ಬೇಡ, ಅದು ಸತ್ತಂತಿರುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸುತ್ತೇನೆ. ಬಾಗಿಲಿನ ಕಡೆ ಕಂದು ಹೆಚ್ಚು, ಮೂಲೆಯ ಕಡೆ ನೀಲಿ ಹೆಚ್ಚು.

ಆಷಾಢದಲ್ಲಿ ಬಣ್ಣ ಒಣಗುವುದೇ ಇಲ್ಲ. ಪದರದ ಮೇಲೆ ಪದರ ಕೂರಿಸುವ ಆಸೆ ಬಿಟ್ಟು ಕತ್ತಲೆಯನ್ನು ಒಂದೇ ಸಲಕ್ಕೆ ಗಟ್ಟಿಯಾಗಿ ಹಾಕುತ್ತೇನೆ. ತೇವ ಹೊಕ್ಕ ಕಾಗದ ಬಣ್ಣವನ್ನು ಹೀರಿಬಿಡುವುದರಿಂದ 300 ಜಿಎಸ್‌ಎಮ್‌ನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇಡಬೇಕು.

ಘಟ್ಟ ಇಳಿದು ಕಾರವಾರಕ್ಕೆ ಬಂದರೆ ಲೆಕ್ಕ ಬೇರೆ. ಕಡಲಿಗೆ ಮುಖ ಮಾಡಿದ ಪಡುವಣ ಕಿಟಕಿಗೆ ಇಳಿಹೊತ್ತಿನಲ್ಲಿ ಸೂರ್ಯ ನೇರವಾಗಿ ಬರುತ್ತಾನೆ. ಅಷ್ಟು ಕೆಳಗಿಳಿದವನನ್ನು ಯಾವ ಸೂರೂ ತಡೆಯದು. ಫ್ರೆಂಚ್ ಚಿತ್ರಕಾರ ಮತೀಸ್ 1905ರಲ್ಲಿ ಕಡಲತಡಿಯ ಕೊಲಿಯೂರ್‌ನಲ್ಲಿ ಬರೆದ ತೆರೆದ ಕಿಟಕಿಯಲ್ಲಿ ಒಳಗೋಡೆಯೂ ಹೊರಗಿನ ದೋಣಿಗಳೂ ಒಂದೇ ಉಜ್ವಲತೆಯಲ್ಲಿವೆ. ಶಿರಸಿಯಲ್ಲಿ ಆ ಧೈರ್ಯ ಕೆಲಸಕ್ಕೆ ಬಾರದು, ಇಲ್ಲಿ ಬರುತ್ತದೆ. ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವ ಕಡೆ, ಪರಿಚಯದವರ ಮನೆಯಲ್ಲಿ ನಾನು ಕಿಟಕಿಗೆ ಬೆನ್ನು ಹಾಕಿಯೇ ಕೂರುತ್ತೇನೆ. ಎದುರಿನ ಸುಣ್ಣದ ಗೋಡೆಯ ಮೇಲೆ ಸರಳುಗಳ ನೆರಳು ಬೀಳುತ್ತದೆ, ನೋಡುತ್ತಿದ್ದಂತೆ ಸರಿಯುತ್ತದೆ. ಅದಕ್ಕಾಗಿ ಮೊದಲು ನೆರಳಿನ ತುದಿಗಳನ್ನಷ್ಟೇ ಪೆನ್ಸಿಲಿನಲ್ಲಿ ಗುರುತು ಮಾಡಿ, ಆಮೇಲೆ ನೆರಳು ಎಲ್ಲಿಗೆ ಹೋದರೂ ಆ ಗುರುತುಗಳಿಗೇ ಬದ್ಧಳಾಗಿ ಬಣ್ಣ ಹಾಕುತ್ತೇನೆ. ಈ ನೆರಳಿಗೆ ಕಂದು ಬೇಡ, ತೆಳು ನೇರಳೆ ಸಾಕು. ಗೋಡೆಯ ಬಿಸಿಲು ಹಳದಿಯಾದಷ್ಟೂ ನೆರಳು ನೇರಳೆಯಾಗಿ ಕಾಣುತ್ತದೆ.