ಅಮ್ಮನ ಸಂಡಿಗೆ ಲೆಕ್ಕ, ನನ್ನ ಸೋಲಾರ್ ಲೆಕ್ಕ

ಮೈಸೂರಿನ ಕುವೆಂಪುನಗರದ ನಮ್ಮ ಮನೆ ತಾರಸಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸೋಣ ಅಂತ ಹೊರಟಾಗ, ಕೊಟೇಶನ್ ತಂದ ಹುಡುಗ "ಕಿಲೋವ್ಯಾಟ್‌ಗೆ ದಿನಕ್ಕೆ 5 ಯೂನಿಟ್ ಗ್ಯಾರಂಟಿ ಸಾರ್" ಅಂದ. ಅಂದರೆ ವರ್ಷಕ್ಕೆ 5,475 ಯೂನಿಟ್. ಪಿಎಂ ಸೂರ್ಯಘರ್ ಸಬ್ಸಿಡಿ 78,000 ಬಂದರೂ ಮಿಕ್ಕ ದುಡ್ಡು ನಮ್ಮದೇ ಅಲ್ವಾ? ಸುಮ್ನೆ ನಂಬೋದು ಬೇಡ ಅಂತ ನಾನೇ ಲೆಕ್ಕಕ್ಕೆ ಕೂತೆ.

ಮೊದಲು ತೆರೆದಿದ್ದು ಪಿವಿವ್ಯಾಟ್ಸ್ ಅನ್ನೋ ಸೋಲಾರ್ ಲೆಕ್ಕದ ವೆಬ್‌ಸೈಟ್. ಅಮೆರಿಕದ ಎನ್‌ಆರ್‌ಇಎಲ್ ಲ್ಯಾಬ್ ಮಾಡಿದ್ದು, ದುಡ್ಡಿಲ್ಲ, ಲಾಗಿನ್ನೂ ಬೇಡ. ಊರು, ಕಿಲೋವ್ಯಾಟ್, ಪ್ಯಾನೆಲ್ ಓರೆ, ದಿಕ್ಕು ಕೊಟ್ಟರೆ ತಿಂಗಳು ತಿಂಗಳಿಗೂ ಎಷ್ಟು ಯೂನಿಟ್ ಅಂತ ಹೇಳುತ್ತದೆ. ಮೈಸೂರು ಇರುವುದು 12.3 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಓರೆ 12 ಡಿಗ್ರಿ, ದಿಕ್ಕು ದಕ್ಷಿಣ, ಅಂದರೆ ಉತ್ತರದಿಂದ ಎಣಿಸಿ 180 ಡಿಗ್ರಿ ಅಂತ ಹಾಕಿದೆ. ವರ್ಷಕ್ಕೆ ಸುಮಾರು 4,500 ಬಂತು. ಹುಡುಗ ಹೇಳಿದ್ದಕ್ಕಿಂತ ಸಾವಿರ ಯೂನಿಟ್ ಕಡಿಮೆ.

ತಾಳೆ ನೋಡೋಣ ಅಂತ ಯುರೋಪಿಯನ್ ಕಮಿಷನ್‌ನವರ ಇಂಥದೇ ವೆಬ್‌ಸೈಟ್ ಪಿವಿಜಿಐಎಸ್‌ನಲ್ಲೂ ಅದೇ ಅಂಕಿ ಹಾಕಿದೆ. ಇನ್ನೂ ಕಮ್ಮಿ! ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಅದರಲ್ಲಿ ದಕ್ಷಿಣ ಅಂದರೆ 0. ನಾನು 180 ಹಾಕಿ ಪ್ಯಾನೆಲ್‌ಗಳನ್ನೆಲ್ಲ ಉತ್ತರಕ್ಕೆ ತಿರುಗಿಸಿಬಿಟ್ಟಿದ್ದೆ. ಸರಿ ಮಾಡಿದ ಮೇಲೆ ಎರಡೂ ಹತ್ತಿರ ಹತ್ತಿರ ಬಂದವು.

ಆಟ ಇರುವುದು ನಷ್ಟದ ಕಾಲಂನಲ್ಲಿ. ಪಿವಿವ್ಯಾಟ್ಸ್ ತಾನಾಗಿಯೇ 14.08 ಶೇಕಡಾ ಕಳೆಯುತ್ತದೆ. ಧೂಳಿಗೆ 2, ವೈರಿಂಗ್‌ಗೆ 2, ಸಿಸ್ಟಮ್ ನಿಂತುಹೋಗುವ ಹೊತ್ತಿಗೆ 3, ಹೀಗೆ. ಈ ಕೊನೆಯದು ನಮಗೆ ಮುಖ್ಯ, ಏಕೆಂದರೆ ಬ್ಯಾಟರಿ ಇಲ್ಲದೆ ಊರಿನ ಕರೆಂಟ್ ಲೈನ್‌ಗೇ ಜೋಡಿಸಿದ ಆನ್‌ಗ್ರಿಡ್ ಇನ್ವರ್ಟರ್ ಕರೆಂಟ್ ಹೋದ ಕೂಡಲೇ ತಾನೂ ಆಫ್ ಆಗುತ್ತದೆ, ಇಲ್ಲದಿದ್ದರೆ ಲೈನ್ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ಶಾಕ್ ಹೊಡೆಯುತ್ತದೆ. ನೆರಳಿಗೆ ಬರೀ 3 ಅಂತ ಇತ್ತು. ಪಿವಿಜಿಐಎಸ್ ಬೆಟ್ಟದ ನೆರಳನ್ನು ತಾನೇ ಲೆಕ್ಕ ಹಾಕುತ್ತದೆ, ಚಾಮುಂಡಿ ಬೆಟ್ಟ ಅದಕ್ಕೆ ಗೊತ್ತು. ಪಕ್ಕದ ಮನೆ ತೆಂಗಿನಮರ ಗೊತ್ತಿಲ್ಲ.

ಅದು ಗೊತ್ತಿದ್ದದ್ದು ಅಮ್ಮನಿಗೆ. ಪ್ಲಾನ್ ತೋರಿಸಿದಾಗ, "ಆ ಪಡುವಣ ಮೂಲೇಲಿ ಮೂರು ಗಂಟೆ ಮೇಲೆ ಸಂಡಿಗೆ ಒಣಗಲ್ಲ ಕಣೋ, ತೆಂಗಿನ ನೆರಳು ಬರುತ್ತೆ" ಅಂದರು. ಇಪ್ಪತ್ತು ವರ್ಷ ಅದೇ ತಾರಸಿಯಲ್ಲಿ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸಿದವರು. ನೀರಿನ ಟ್ಯಾಂಕ್ ಬೇರೆ ದಕ್ಷಿಣಕ್ಕಿದೆ. ಡಿಸೆಂಬರ್ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ, ಸ್ಟ್ಯಾಂಡ್ ಸೇರಿ 10 ಅಡಿ ಇರುವ ಟ್ಯಾಂಕಿನ ನೆರಳು ಉತ್ತರಕ್ಕೆ 7 ಅಡಿ ಚಾಚುತ್ತದೆ. ಪ್ಲಾನ್‌ನಲ್ಲಿ ಮೊದಲ ಸಾಲು ಟ್ಯಾಂಕಿನಿಂದ 4 ಅಡಿಗೇ ಇತ್ತು! ಅದನ್ನು ಹಿಂದಕ್ಕೆ ತಳ್ಳಿಸಿದೆ. ತೆಂಗಿಗೆ ಏನೂ ಮಾಡುವ ಹಾಗಿರಲಿಲ್ಲ, ನೆರಳಿನ ನಷ್ಟ 3 ಇದ್ದದ್ದನ್ನು 8 ಮಾಡಿದೆ. ವರ್ಷದ ಲೆಕ್ಕ 4,270 ಯೂನಿಟ್‌ಗೆ ಇಳಿಯಿತು.

ಮೊದಲ ವರ್ಷ ಮೀಟರ್ ತೋರಿಸಿದ್ದು 4,190. ಜಾಸ್ತಿ ಬಂದಿದ್ದು ಮಾರ್ಚ್‌ನಲ್ಲಿ, ಕಡಿಮೆ ಜುಲೈ ಮೋಡದಲ್ಲಿ. ಏಪ್ರಿಲ್ ಬಿಸಿಲಿಗೆ ಮೀಟರ್ ಓಡುತ್ತದೆ ಅಂತ ಕಾದಿದ್ದೆ, ಆದರೆ ಪ್ಯಾನೆಲ್ ಕಾದಷ್ಟೂ ಕರೆಂಟ್ ಇಳಿಯುತ್ತದೆ, ಅದಕ್ಕೆ ಬೇಕಿರುವುದು ಬೆಳಕು, ಬಿಸಿ ಅಲ್ಲ.

ಸಂಡಿಗೆ ಈಗ ಬಾಲ್ಕನಿಗೆ ಇಳಿದಿದೆ. ಒಣಗೋಕೆ ಒಂದು ದಿನ ಜಾಸ್ತಿ ಬೇಕಂತೆ. ಆ ನಷ್ಟ ಯಾರ ಲೆಕ್ಕಕ್ಕೆ ಅಂತ ಅಮ್ಮ ಕೇಳುತ್ತಿರುತ್ತಾರೆ.