ಬೆಲ್ ಬಾರಿಸುವ ಮೊದಲೇ

ಡಿಸ್ಚಾರ್ಜ್ ದಿನ ಫೀಡ್‌ಬ್ಯಾಕ್ ಫಾರ್ಮ್ ತುಂಬುವುದು ಸಾಮಾನ್ಯವಾಗಿ ರೋಗಿಯಲ್ಲ. ಇನ್ಶೂರೆನ್ಸ್ ಅಪ್ರೂವಲ್‌ಗೆ ಕಾದು ಸುಸ್ತಾದ ಮಗನೋ ಅಳಿಯನೋ ತುಂಬುತ್ತಾರೆ. ಬಿಲ್ ತಡವಾದ ಸಿಟ್ಟೆಲ್ಲ ನರ್ಸಿಂಗ್ ಕಾಲಮ್ಮಿನಲ್ಲೂ ಇಳಿಯುತ್ತದೆ. ಆಮೇಲೆ ಸಿಸ್ಟರ್‌ಗಳು ನಗುನಗುತ್ತಾ ಮಾತಾಡಬೇಕು ಎಂದು ನಮಗೆ ಟ್ರೇನಿಂಗ್!

ನಾನು ಉಡುಪಿ ಕಡೆಯವಳು. ಮುಂಬೈ ಉಪನಗರದ ಒಂದು ಆಸ್ಪತ್ರೆಯಲ್ಲಿ ಮೂಳೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ನಗುವುದಕ್ಕೆ ನನ್ನ ತಕರಾರಿಲ್ಲ. ಆದರೆ ಬೆಡ್‌ಪ್ಯಾನ್‌ಗೆ ಕಾಯ್ತಾ ಮಲಗಿದವರಿಗೆ ನಮ್ಮ ನಗು ಕಟ್ಟಿಕೊಂಡು ಏನಾಗಬೇಕು?

ಅಮೆರಿಕದಲ್ಲಿ ಆಸ್ಪತ್ರೆಗಳ ಬಗ್ಗೆ ರೋಗಿಗಳನ್ನೇ ಕೇಳುವ ಸರ್ವೆ ಇದೆ. 2008ರಿಂದ ಅದರ ಫಲಿತಾಂಶ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಒಂದು ಪ್ರಶ್ನೆ ನನಗೆ ಇಷ್ಟ: ನರ್ಸುಗಳು ನಿಮ್ಮ ಮಾತನ್ನು ಗಮನವಿಟ್ಟು ಕೇಳಿದ್ದು ಎಷ್ಟು ಸಲ? ಯಾವಾಗಲೂ, ಹೆಚ್ಚಾಗಿ, ಕೆಲವೊಮ್ಮೆ, ಇಲ್ಲವೇ ಇಲ್ಲ. ಇದನ್ನೇ ನಾನು ಅಡ್ಮಿಟ್ ಆದ ಮರುದಿನ ಬೆಡ್ ಹತ್ತಿರ ನಿಂತು ಕೇಳುತ್ತೇನೆ. ಅವತ್ತು ಗೊತ್ತಾದರೆ ಸರಿ ಮಾಡಬಹುದು, ಮನೆಗೆ ಹೋಗುವಾಗ ಗೊತ್ತಾಗಿ ಏನು ಲಾಭ?

ಮೊದಲು ಮಾಡಿದ ಕೆಲಸ, ನಮ್ಮನ್ನು ಕರೆಯಲು ರೋಗಿಗಳು ಬೆಲ್ ಯಾಕೆ ಬಾರಿಸುತ್ತಾರೆ ಅಂತ ಬರೆದಿಟ್ಟದ್ದು. ಬಾತ್‌ರೂಮ್, ಮುಗಿಯುತ್ತಿರುವ ಸಲೈನ್, ನೋವು, ಕೈಗೆ ಸಿಗದ ನೀರಿನ ಬಾಟ್ಲಿ, ‘ಡಾಕ್ಟರ್ ಯಾವಾಗ ಬರ್ತಾರೆ?’ ತಿರುಗಿ ತಿರುಗಿ ಇವೇ. ಎಲ್ಲವೂ ನಮಗೆ ಮೊದಲೇ ಗೊತ್ತಿರುವಂಥವು. ಹಾಗಾಗಿ ಹಗಲು ಗಂಟೆಗೊಮ್ಮೆ, ರಾತ್ರಿ ಎರಡು ಗಂಟೆಗೊಮ್ಮೆ ರೌಂಡ್ ಶುರು ಮಾಡಿದೆವು. ನಿದ್ದೆಯಲ್ಲಿದ್ದವರನ್ನು ಸುಮ್ನೆ ಎಬ್ಬಿಸುವುದಿಲ್ಲ. ‘ಏನಾದ್ರೂ ಬೇಕಾ?’ ಅಂತ ಕೇಳಿದರೆ ಎಲ್ಲರೂ ಬೇಡ ಅಂತಾರೆ. ‘ಈಗ ಬಾತ್‌ರೂಮಿಗೆ ಹೋಗಿ ಬರೋಣ್ವಾ?’ ಅಂದರೆ ಎದ್ದೇ ಬಿಡುತ್ತಾರೆ. ಹೊರಡುವಾಗ ಮತ್ತೆ ಯಾವಾಗ ಬರುತ್ತೇವೆ ಅಂತ ಹೇಳಿ ಹೋಗಬೇಕು. ಮಾವಶಿಯರೂ ಮಾಮಾಗಳೂ (ಇಲ್ಲಿ ಆಯಾ, ವಾರ್ಡ್‌ಬಾಯ್‌ಗಳನ್ನು ಹಾಗೆ ಕರೆಯುತ್ತೇವೆ) ಇದರಲ್ಲಿ ಸೇರಿದ್ದಾರೆ, ಅವರಿಲ್ಲದೆ ಇದು ನಡೆಯುವುದೇ ಇಲ್ಲ.

ಕೆಲಸ ಜಾಸ್ತಿ ಆಗುತ್ತೆ ಅಂತ ನಮ್ಮ ಹುಡುಗಿಯರು ಗೊಣಗಿದರು. 2006ರಲ್ಲಿ ಅಮೆರಿಕದ ನರ್ಸಿಂಗ್ ಪತ್ರಿಕೆಯೊಂದರಲ್ಲಿ ಇದೇ ರೌಂಡಿನ ಅಧ್ಯಯನ ಬಂದಿತ್ತು. ಬೆಲ್ಲೂ ಕಮ್ಮಿ, ರೋಗಿಗಳು ಬೀಳುವುದೂ ಕಮ್ಮಿ. ಅದನ್ನು ತೋರಿಸಿದೆ. ಗೊಣಗಾಟ ತಪ್ಪು ಅಂತ ಹೇಳಲಾರೆ. ಬೋಧನಾ ಆಸ್ಪತ್ರೆ ಅಲ್ಲದ ಕಡೆ 5 ರೋಗಿಗೆ 1 ನರ್ಸ್ ಅನ್ನುತ್ತದೆ ನಮ್ಮ ದೇಶದ ನರ್ಸಿಂಗ್ ಕೌನ್ಸಿಲ್. ನೈಟ್ ಡ್ಯೂಟಿ ಮಾಡಿದವರಿಗೆ ವಾಸ್ತವ ಗೊತ್ತು.

ಓವರ್ ಕೊಡುವುದನ್ನೂ, ಅಂದರೆ ಶಿಫ್ಟ್ ಮುಗಿಸಿ ಹೋಗುವವರು ಬರುವವರಿಗೆ ರೋಗಿಯ ವಿಷಯ ಒಪ್ಪಿಸುವುದನ್ನೂ, ನರ್ಸಿಂಗ್ ಸ್ಟೇಷನ್ನಿನಿಂದ ಬೆಡ್ ಹತ್ತಿರ ತಂದೆವು. ಮುಂದಿನ ಶಿಫ್ಟಿನ ಸಿಸ್ಟರ್ ಹೆಸರು ಹೇಳುವುದು, ಇಬ್ಬರೂ ಸೇರಿ ಸಲೈನ್ ಹಾಕಿದ ಜಾಗ, ಡ್ರೇನ್ (ಗಾಯದ ರಕ್ತ, ನೀರು ಹೊರಗೆ ಬರುವ ನಳಿಗೆ), ಡ್ರೆಸಿಂಗ್ ನೋಡುವುದು. ‘ಆ ಮಾತ್ರೆ ಬೆಳಗ್ಗೆ ಕೊಟ್ಟಿಲ್ಲ ಸಿಸ್ಟರ್’ ಅಂತ ರೋಗಿಯೇ ನೆನಪಿಸಿದ್ದುಂಟು. ಆದರೆ ಎಚ್‌ಐವಿ ರಿಪೋರ್ಟಿನಂಥದ್ದನ್ನು ಪಕ್ಕದ ಬೆಡ್ಡಿಗೆ ಕೇಳುವ ಹಾಗೆ ಹೇಳಬಾರದು. ಅಂಥದ್ದು ಸ್ಟೇಷನ್ನಿನಲ್ಲೇ.

ವಿಜಯಪುರ ಕಡೆಯ ಒಬ್ಬ ಅಜ್ಜಿ ಇದ್ದರು. ಮಗ ಇಲ್ಲಿ ಕಟ್ಟಡ ಕೆಲಸಕ್ಕೆ ಬಂದವನು. ಸೊಂಟದ ಮೂಳೆ ಆಪರೇಷನ್ ಆಗಿತ್ತು. ಚಾರ್ಟಿನಲ್ಲಿ ಪೇನ್ ಸ್ಕೋರ್, ಅಂದರೆ ಹತ್ತಕ್ಕೆ ಎಷ್ಟು ನೋವು ಅನ್ನುವ ಅಂಕ, ಪ್ರತಿ ಸಲ ಸೊನ್ನೆ. ಹಿಂದಿಯಲ್ಲಿ ಕೇಳಿದವರಿಗೆಲ್ಲ ಅಜ್ಜಿ ಇಲ್ಲ ಅಂತ ತಲೆ ಅಲ್ಲಾಡಿಸಿದ್ದರು. ಆದರೆ ಫಿಸಿಯೋದವರು ಬಂದರೆ ಮಂಚದ ಸರಳು ಬಿಡುತ್ತಿರಲಿಲ್ಲ. ಸೊನ್ನೆಯಿಂದ ಹತ್ತರ ಲೆಕ್ಕ ಅವರಿಗೆ ಆಗಿಬರಲಿಲ್ಲ.

‘ಅಜ್ಜಿ, ರೂಪಾಯಿಯೊಳಗ ಎಷ್ಟಾಣೆ ನೋವೈತಿ?’ ಅಂತ ಕೇಳಿದೆ.

‘ಮಲಗಿದ್ರ ನಾಕಾಣೆ. ಕಾಲು ಊರಿದ್ರ ಹದಿನಾರಾಣೆ ಐತಿ ನೋಡವ್ವ.’

ಡಾಕ್ಟರಿಗೆ ಅದನ್ನೇ ಹೇಳಿದೆ. ನೋವಿನ ಮದ್ದಿನ ಹೊತ್ತನ್ನು ಫಿಸಿಯೋಗೆ ಮುಂಚೆ ಬರುವ ಹಾಗೆ ಬದಲಾಯಿಸಿದರು. ಮರುದಿನ ಅಜ್ಜಿ ‘ಎಂಟಾಣೆ’ ಅಂದರು, ವಾಕರ್ ಹಿಡಿದು ಬಾಗಿಲ ತನಕ ಹೋದರು. ಆಮೇಲಿಂದ ನಮ್ಮ ವಾರ್ಡಿನಲ್ಲಿ ಮಲಗಿದಾಗಿನ ನೋವು ಬೇರೆ, ನಡೆದಾಗಿನ ನೋವು ಬೇರೆ ಬರೆಯುತ್ತೇವೆ. ವಯಸ್ಸಾದ ಮರಾಠಿಯವರಿಗೂ ಆಣೆ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಮನೆಗೆ ಕಳಿಸುವ ಪಾಠವನ್ನು ಹಿಂದಿನ ಸಂಜೆಯೇ ಮುಗಿಸುತ್ತೇವೆ. ಇಂಥ ಆಪರೇಷನ್ ಆದವರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್ ಮುಂದುವರಿಸುತ್ತಾರೆ. ‘ಗೊತ್ತಾಯ್ತಾ?’ ಅಂತ ಕೇಳುವುದಿಲ್ಲ, ಗೊತ್ತಾಗದಿದ್ದರೂ ಹೂಂ ಅಂತಾರೆ. ‘ನನಗೆ ಮಾಡಿ ತೋರಿಸಿ’ ಅನ್ನುತ್ತೇವೆ. ಚರ್ಮ ಚಿವುಟಿ ಹಿಡಿಯಬೇಕು, ಕೊಟ್ಟಾದ ಮೇಲೆ ಉಜ್ಜಬಾರದು. ಅಜ್ಜಿಯ ಸೊಸೆಗೆ ಸಿರಿಂಜ್ ಕಂಡರೇ ಕೈ ನಡುಗುತ್ತಿತ್ತು. ಅವರ ಚಾಳಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಯಾರು ಹಾಕಿಕೊಡುತ್ತಾರೆ ಎಂದು ಅವತ್ತೇ ಮಗನ ಕೈಯಲ್ಲಿ ಫೋನ್ ಮಾಡಿಸಿದೆವು.